ಗುಂಡ್ಲುಪೇಟೆ ಕಡೆಗೆ ಬಿದ್ದ ಪೆಟ್ಟಿಗೆ

ಹೋದ ತಿಂಗಳು ಚಾಮರಾಜನಗರದ ಒಂದು ಕಾಲೇಜಿನಲ್ಲಿ ನನಗೆ ಶಾಲು ಹೊದಿಸಿದರು. ಹೊದಿಸಿದವರು ಮೈಕು ಹಿಡಿದು, "ದೇವಕಣವನ್ನು ಕಂಡುಹಿಡಿದ ನಮ್ಮ ನೆಲದ ಹೆಣ್ಣುಮಗಳು" ಎಂದರು. ನಾನು ದೇವಕಣ ಕಂಡುಹಿಡಿದಿಲ್ಲ. ಅದನ್ನು ಕಂಡವರು ಬೇರೆ, ಕಂಡ ದೇಶ ಬೇರೆ. ಆ ಸುದ್ದಿ ಬಂದ ದಿನ ನಾನು ನಿವೃತ್ತಳಾಗಿ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ವೇದಿಕೆ ಇಳಿಯುವಾಗ ಅವರನ್ನು ಪಕ್ಕಕ್ಕೆ ಕರೆದು ಇದನ್ನು ಹೇಳಿದೆ.

"ಇರ್ಲಿ ಬುಡಿ ಮೇಡಂ. ಜನಕ್ಕೆ ಗೊತ್ತಿರೋದು ಅದೊಂದೇಯ" ಎಂದು ಕೈಕುಲುಕಿದರು.

ಆ "ಇರ್ಲಿ ಬುಡಿ" ಎಂಬ ಮಾತಿನ ಜೊತೆ ನಾನು ಇಡೀ ನೌಕರಿ ಕಳೆದಿದ್ದೇನೆ. ಅಂದು ಸಭೆ ಮುಗಿದ ಮೇಲೆ ಎಂ.ಎಸ್ಸಿ. ಓದುವ ಹುಡುಗಿಯರು ನಾಲ್ಕೈದು ಮಂದಿ ಬಂದು, "ಮೇಡಂ, ಕಣಭೌತಶಾಸ್ತ್ರ ಅಂದ್ರೆ ದಿನಾ ಏನ್ ಮಾಡ್ತೀರಿ?" ಎಂದು ಕೇಳಿದರು. ಇದು ಅವರಿಗಾಗಿ ಬರೆದದ್ದು. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನು ಇಲ್ಲಿ ಹುಡುಕಬೇಡಿ. ಕೆಲಸಕ್ಕೆ ಸೇರಿದ ವಿಭಾಗಕ್ಕೇ ಕೊನೆಗೆ ಮುಖ್ಯಸ್ಥೆಯಾದೆ, ಅಷ್ಟು ಸಾಕು. ಕುರ್ಚಿಗಳೆಲ್ಲ ಕಿರುಗುಟ್ಟುವುದು ಒಂದೇ ಥರ.

ನನ್ನ ಹೆಸರು ಮಹದೇವಮ್ಮ. ಊರು ಉಮ್ಮತ್ತೂರು. ಅಪ್ಪ ಬೇರೆಯವರ ಹೊಲದಲ್ಲಿ ಕೂಲಿ ಮಾಡಿದವನು, ಅವ್ವ ಅದೇ ಹೊಲದಲ್ಲಿ ಕಳೆ ಕಿತ್ತವಳು. ನಮ್ಮ ವಂಶದಲ್ಲಿ ಹೈಸ್ಕೂಲಿನ ಬೆಂಚು ಕಂಡ ಮೊದಲ ಜೀವ ನಾನು, ಡಿಗ್ರಿ ಪಡೆದ ಮೊದಲ ಜೀವವೂ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ತಾತ ಮುತ್ತಾತರ ಕಾಲದಿಂದ ಪುಸ್ತಕದ ಬೀರು ಇದ್ದ ಮನೆಯವರು ವಿನಯ ತೋರಿಸಲಿ, ಅವರಿಗೆ ಅದು ಅಗ್ಗ. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಊರಿಗೆ ಹೋದಾಗ ಪಕ್ಕದ ಮನೆಯ ಅಜ್ಜಿ ಸೊಂಟನೋವಿಗೆ ಇಂಜೆಕ್ಷನ್ ಹಾಕು ಎಂದಿತು. ನಾನು ಓದಿದ್ದು ಡಾಕ್ಟರಿಕೆ ಅಲ್ಲ ಎಂದೆ. "ಮತ್ಯಾಕಮ್ಮಿ ಅಷ್ಟೊಂದು ಓದ್ದೆ?" ಎಂದು ಬೆನ್ನು ತಿರುಗಿಸಿತು. ಅಜ್ಜಿಯ ಪ್ರಶ್ನೆ ನ್ಯಾಯವಾದದ್ದು. ಮುಂದೆ ದೊಡ್ಡ ದೊಡ್ಡ ಸಮಿತಿಗಳಲ್ಲಿ ಕೇಳಿದ ಪ್ರಶ್ನೆಗಳಿಗಿಂತ ವಾಸಿ.

ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಆಕಾಶದ ಆಚೆಯಿಂದ ಹಗಲೂ ರಾತ್ರಿ ಕಣಗಳು ಭೂಮಿಗೆ ಸುರಿಯುತ್ತಿರುತ್ತವೆ. ಅವು ಕಣ್ಣಿಗೆ ಕಾಣುವುದಿಲ್ಲ, ಆದರೆ ಹಾದುಹೋದ ದಾರಿಯನ್ನು ಹಿಡಿಯಬಹುದು. ಫೋಟೋ ಫಿಲ್ಮಿಗೆ ಬಳಿಯುವ ಲೇಪವನ್ನೇ ದಪ್ಪನಾದ ಹಾಳೆ ಮಾಡಿ, ಹಾಳೆಯ ಮೇಲೆ ಹಾಳೆ ಪೇರಿಸಿ, ಬೆಳಕು ತಾಗದಂತೆ ಸುತ್ತಿ ಪೆಟ್ಟಿಗೆಗೆ ಹಾಕುತ್ತಿದ್ದೆವು. ಪೆಟ್ಟಿಗೆಯನ್ನು ದೊಡ್ಡ ಬಲೂನಿಗೆ ಕಟ್ಟಿ ಮೇಲಕ್ಕೆ ಬಿಡುವುದು. ಅದು ಮೋಡಕ್ಕಿಂತ ಎಷ್ಟೋ ಎತ್ತರ ಹೋಗಿ, ಕೆಲವು ಗಂಟೆ ತೇಲಿ, ಆಮೇಲೆ ಪ್ಯಾರಾಚೂಟಿನಲ್ಲಿ ಇಳಿಯುತ್ತಿತ್ತು. ಎಲ್ಲಿ ಇಳಿಯುತ್ತದೆ ಎಂಬುದು ಗಾಳಿಯ ಮರ್ಜಿ. ಪೆಟ್ಟಿಗೆ ಸಿಕ್ಕ ಮೇಲೆ ಹಾಳೆಗಳನ್ನು ಫೋಟೋದಂತೆ ತೊಳೆದರೆ ಕಣ ಹೋದ ದಾರಿ ಕಪ್ಪು ಚುಕ್ಕೆಗಳ ಗೆರೆಯಾಗಿ ಮೂಡುತ್ತದೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ಅಂಗುಲ ಅಂಗುಲವಾಗಿ ಹುಡುಕುವುದೇ ನಮ್ಮ ಕೆಲಸ. ಕಣ್ಣು ಉರಿಯುತ್ತದೆ, ಕತ್ತು ಹಿಡಿಯುತ್ತದೆ, ತಿಂಗಳುಗಟ್ಟಲೆ ಏನೂ ಸಿಗುವುದಿಲ್ಲ. ಹುಡುಗಿಯರೇ, ದಿನಾ ಮಾಡುವುದು ಇಷ್ಟು.

ಈ ಕೆಲಸಕ್ಕೆ ಹೆಣ್ಣುಮಕ್ಕಳನ್ನೇ ಹೆಚ್ಚು ಸೇರಿಸಿಕೊಂಡಿದ್ದರು. ಕಾರಣ ಕೇಳಿದಾಗ ನಮ್ಮ ಪ್ರೊಫೆಸರ್ ಹೇಳಿದ್ದು, "ನಿಮಗೆ ಅಕ್ಕಿ ಆರಿಸಿ ಅಭ್ಯಾಸ ಇರುತ್ತಲ್ಲ." ನಮ್ಮ ಮನೆಯಲ್ಲಿ ಆರಿಸುವಷ್ಟು ಅಕ್ಕಿ ಯಾವ ಕಾಲಕ್ಕೂ ಇರಲಿಲ್ಲ. ನಾನು ಮುದ್ದೆ ತಿಂದು ಬೆಳೆದವಳು. ರಾಗಿಯನ್ನು ಒಂದೊಂದಾಗಿ ಆರಿಸುವ ಹುಚ್ಚರು ನಮ್ಮಲ್ಲಿಲ್ಲ. ಇದನ್ನು ಅವರ ಮುಂದೆಯೇ ಅಂದೆ. ನಕ್ಕರು. ದೊಡ್ಡವರು ನಕ್ಕುಬಿಟ್ಟರೆ ತಮಾಷೆ ಮಾಡಿದ್ದು ಅವರೇ ಎಂದಾಗುತ್ತದೆ.

ಆ ಪ್ರೊಫೆಸರ್ ಬಗ್ಗೆ ಎರಡು ಮಾತು. ಮೈಸೂರಿನವರು, ಓದಿದವರು, ಲೆಕ್ಕದಲ್ಲಿ ಗಟ್ಟಿ. ಆದರೆ ಹೊಸತೇನನ್ನಾದರೂ ತಮ್ಮ ಬುದ್ಧಿಯಿಂದಲೇ ಹೌದು ಎನ್ನುವ ಧೈರ್ಯ ಅವರಿಗಿರಲಿಲ್ಲ. ಹೊರದೇಶದ ಯಾರಾದರೂ ಮೊದಲು ಹೌದು ಎನ್ನಬೇಕು. ಕಿಟಕಿಯಾಚೆ ಮಳೆ ಬರುತ್ತಿದ್ದರೂ ಲಂಡನ್ನಿನಿಂದ ಕಾಗದ ಬರುವವರೆಗೆ ಕೊಡೆ ಬಿಚ್ಚದ ಆಸಾಮಿ.

ಪೆಟ್ಟಿಗೆಗೆ ಅಂಟಿಸುತ್ತಿದ್ದ ಕನ್ನಡದ ಎಚ್ಚರಿಕೆಯನ್ನೂ ಅವರೇ ಬರೆದಿದ್ದರು. "ಸದರಿ ಉಪಕರಣವನ್ನು ಉಷ್ಣಪ್ರಭಾವಕ್ಕೆ ಒಳಪಡಿಸತಕ್ಕದ್ದಲ್ಲ." ಹೊಲದಲ್ಲಿ ನಿಂತು ಇದನ್ನು ಓದಿದ ರೈತ ಏನು ಮಾಡಬೇಕು? "ಬಿಸಿಲಿಗೆ ಇಡಬೇಡಿ, ಬಿಚ್ಚಬೇಡಿ" ಎಂದು ಬದಲಿಸಿ ಎಂದೆ. ಅದು ವೈಜ್ಞಾನಿಕವಾಗಿಲ್ಲ ಎಂದರು. ಒಂದು ಸಲ ಪೆಟ್ಟಿಗೆ ಒಂದು ತಾಲೂಕು ಕಚೇರಿಯ ಹತ್ತಿರ ಬಿತ್ತು. ಅಲ್ಲಿನ ಅಧಿಕಾರಿ ವಿದ್ಯಾವಂತರು, ಎಚ್ಚರಿಕೆಯನ್ನು ಪೂರ್ತಿ ಓದಿದವರು. ಇದು ಶತ್ರುಗಳ ಸಂಚಿರಬಹುದೆಂದು ಅಂಗಳದ ಬಿಸಿಲಿನಲ್ಲೇ ಬಿಚ್ಚಿಸಿ, ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ನಾವು ಹೋದಾಗ, "ಒಳಗೆ ಏನೂ ಇಲ್ಲ ಕಣ್ರೀ, ಬರೀ ಹಾಳೆ" ಎಂದು ಸಮಾಧಾನ ಹೇಳಿದರು. ಹೌದು, ಅವರು ನೋಡಿದ ಮೇಲೆ ಏನೂ ಉಳಿಯಲಿಲ್ಲ. ನಮ್ಮ ಇಡೀ ಋತುವಿನ ದುಡಿಮೆ ಆ ಅಂಗಳದಲ್ಲಿ ಹೋಯಿತು.

ಅದರ ಮುಂದಿನ ಬೇಸಿಗೆಯಲ್ಲಿ ಬಂದ ಪೆಟ್ಟಿಗೆಯ ಕಥೆಯೇ ನನ್ನ ಕಥೆ. ಅದು ಬಂಡೀಪುರದ ಕಾಡಿಗೆ ಬಿತ್ತು ಎಂದು ಮೊದಲು ಸುದ್ದಿ. ಆಮೇಲೆ ಕಾಡಿನ ಈಚೆ, ಗುಂಡ್ಲುಪೇಟೆ ಹತ್ತಿರದ ಒಂದು ಹಳ್ಳಿಯಲ್ಲಿದೆ ಎಂದು ಗೊತ್ತಾಯಿತು. ಆ ಕಡೆಯ ಮಾತು ಬರುತ್ತದೆಂದು ನನ್ನನ್ನು ಕಳಿಸಿದರು. ಜೀಪು ಓಡಿಸಿದವರು ಇಬ್ರಾಹಿಂ ಭಾಯಿ, ಚಾಮರಾಜನಗರ ಪೇಟೆಯವರು. ಮನೆಯಲ್ಲಿ ಉರ್ದು, ಜೀಪಿನಲ್ಲಿ ನಮ್ಮ ಕನ್ನಡ, ಪ್ರೊಫೆಸರ್ ಮುಂದೆ ಮೌನ.

ಪೆಟ್ಟಿಗೆ ಇದ್ದದ್ದು ಒಕ್ಕಲುತನ ಮಾಡುವ ಲಿಂಗಾಯತರ ಒಂದು ಮನೆಯಲ್ಲಿ. ಅರಿಸಿನ ಬೇಯಿಸುವ ಕಾಲ, ಊರೆಲ್ಲ ಅದೇ ವಾಸನೆ. ಸೊಸೆ ಗೌರಮ್ಮ ಪೆಟ್ಟಿಗೆ ತಂದು ಜಗುಲಿಯ ಮೇಲಿಟ್ಟಳು. ಅತ್ತೆ ಬಾಗಿಲ ಪಕ್ಕದಲ್ಲಿ ಕುಳಿತಿದ್ದರು. ಆ ಮನೆಯವರು ಹಿಂಬದಿಯಲ್ಲಿ ಬೇರೆಯೇ ಒಂದು ಹುಳದ ಮನೆ ಮಾಡಿ ರೇಷ್ಮೆಹುಳು ಸಾಕುತ್ತಿದ್ದರು. ಅತ್ತೆ ತಮ್ಮ ಮಗಳ ಬಾಣಂತನಕ್ಕೆಂದು ಬೇರೆ ಊರಿಗೆ ಹೋದವರು ಆವತ್ತೇ ಬಂದಿದ್ದರು. ಬಂದು ನೋಡಿದರೆ ಹುಳುಗಳಿಗೆ ಸುಣ್ಣಕಟ್ಟು ರೋಗ ಬಡಿದು, ಅರ್ಧಕ್ಕರ್ಧ ಬಿಳೀ ಕಡ್ಡಿಗಳಂತೆ ಸೆಟೆದು ಸತ್ತಿದ್ದವು. ಮುದುಕಿಯ ಬಾಯಿ ನಿಂತಿರಲಿಲ್ಲ.

"ಯಾರ್ನೋ ಒಳಿಕ್ಕೆ ಬುಟ್ಟವ್ರೆ. ಯಾವ್ದೋ ಮುಟ್ಟು ಮೈಲ್ಗೆ ಒಳಿಕ್ಕೆ ಬಂದದೆ. ಗೊತ್ತಾಗ್ಲಿ, ಆಮೇಲೈತೆ."

ನಾನು ಗೌರಮ್ಮನನ್ನು, ಇದನ್ನು ಇಷ್ಟು ದಿನ ಎಲ್ಲಿಟ್ಟಿದ್ದಿರಿ ಎಂದು ಕೇಳಿದೆ. ಅವಳು ಅತ್ತೆಯ ಕಡೆ ನೋಡಿದಳು.

"ದೇವ್ರ ಮನೇಲಿ ಇಕ್ಕಿದ್ದಿ ಕಣವ್ವ. ಆಕಾಶ್ದಿಂದ ಬಂದದ್ದಲ್ವ? ಅದರ ಮ್ಯಾಲೆ ದೀಪ ಹಚ್ಚಿ ಮಡಗಿದ್ದಿ."

"ಒಳ್ಳೇ ಕೆಲ್ಸ ಮಾಡ್ದೆ ಬುಡು" ಎಂದರು ಅತ್ತೆ. ಆಮೇಲೆ ನನ್ನನ್ನು ನೋಡಿ, "ನಿಮ್ದು ಯಾವೂರವ್ವ?" ಎಂದರು. ಉಮ್ಮತ್ತೂರು ಎಂದೆ. "ಉಮ್ಮತ್ತೂರ್ನಾಗೆ ಯಾರ ಪೈಕಿ?" ಎಂದರು. ಊರು ಕೇಳಿದ ಮೇಲೆ ಕೇರಿ ಕೇಳುವುದು ನಮ್ಮ ಕಡೆಯ ವಾಡಿಕೆ. ಹೇಳಿದೆ. ಕಾಫಿ ಜಗುಲಿಗೇ ಬಂತು.

ಇಬ್ರಾಹಿಂ ಭಾಯಿ ಈ ದೀಪದ ಕಥೆಯನ್ನು ಬೆಂಗಳೂರಿನ ಕ್ಯಾಂಟೀನಿನಲ್ಲಿ ಸೊಗಸಾಗಿ ಹೇಳಿದರು. ಎಲ್ಲರೂ ನಕ್ಕರು. ಪ್ರೊಫೆಸರೂ ನಕ್ಕರು.

ಹಾಳೆಗಳನ್ನು ತೊಳೆದಾಗ ಚೆನ್ನಾಗಿಯೇ ಬಂದವು. ನನ್ನ ಪಾಲಿನ ಹಾಳೆಗಳಲ್ಲಿ ಹುಡುಕುತ್ತಿದ್ದಾಗ ಒಂದು ಗೆರೆ ಸಿಕ್ಕಿತು. ಒಂದು ಡಿಕ್ಕಿಯಿಂದ ಹೊರಟ ಕಣ ಕೂದಲೆಳೆಯಷ್ಟು ದೂರ ನೆಟ್ಟಗೆ ಹೋಗಿ, ಇದ್ದಕ್ಕಿದ್ದ ಹಾಗೆ ಮುರಿದು, ಬೇರೆ ದಿಕ್ಕಿಗೆ ತಿರುಗಿತ್ತು. ಅಂದರೆ ಆ ಕಣ ಅಲ್ಲೇ ಸತ್ತು, ಅದರಿಂದ ಹುಟ್ಟಿದ ಇನ್ನೊಂದು ಮುಂದೆ ಹೋಗಿತ್ತು. ಗೆರೆ ಬಿಡುವ, ಆಗ ಗೊತ್ತಿದ್ದ ಯಾವ ಕಣವೂ ಅಷ್ಟು ಬೇಗ ಸಾಯುತ್ತಿರಲಿಲ್ಲ, ಹಾಗೆ ತಿರುಗುತ್ತಲೂ ಇರಲಿಲ್ಲ. ಲೆಕ್ಕ ಹಾಕಿದೆ. ಮತ್ತೆ ಹಾಕಿದೆ. ಅದರ ತೂಕವೂ ಆಯುಸ್ಸೂ ಯಾವ ಪಟ್ಟಿಗೂ ಕೂಡಲಿಲ್ಲ. ಇದು ಹೊಸ ಕಣ. ಇದು ನಿಂತರೆ ನನ್ನ ಡಾಕ್ಟರೇಟು, ನನ್ನ ಹೆಸರು. ಬೀಳಿಸಿದರೆ ನಾನು ಕಣ್ಣು ಉರಿಸಿಕೊಂಡು ಹಾಳೆ ಹುಡುಕುವ ಅಕ್ಕಿ ಆರಿಸುವವಳು.

ವಿಭಾಗದ ಸಭೆಯಲ್ಲಿ ಇದನ್ನು ಇಟ್ಟೆ. ಪ್ರೊಫೆಸರ್ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರು, ತೆಗೆದರು.

"ಮಿಸ್ ಮಹದೇವಮ್ಮ, ಈ ಪೆಟ್ಟಿಗೆಯ ಮೇಲೆ ದೀಪ ಹಚ್ಚಿದ್ದರು ಅಲ್ಲವೆ?"

"ಹಾಗಂತ ಹೇಳಿದರು ಸಾರ್."

"ಶಾಖಕ್ಕೆ ಲೇಪ ಮೆತ್ತಗಾಗುತ್ತೆ, ಜರುಗುತ್ತೆ, ಗೆರೆ ಬಾಗುತ್ತೆ. ನೀವು ಕಂಡಿರೋದು ಹೊಸ ಕಣ ಅಲ್ಲ, ಎಣ್ಣೆದೀಪ."

ಕೋಣೆಯೆಲ್ಲ ನಕ್ಕಿತು.

"ಲೇಪ ಜರುಗಿದ್ದರೆ ಪಕ್ಕದ ಗೆರೆಗಳೂ ಬಾಗಬೇಕಲ್ಲ ಸಾರ್. ಅವು ದಾರ ಹಿಡಿದ ಹಾಗೆ ನೆಟ್ಟಗಿವೆ. ದೀಪಕ್ಕೆ ನನ್ನ ಗೆರೆಯ ಮೇಲೆ ಮಾತ್ರ ಯಾಕೆ ಸಿಟ್ಟು?"

ವಿಜ್ಞಾನದಲ್ಲಿ ಉತ್ತರವಿಲ್ಲದ ಪ್ರಶ್ನೆ ಬಂದರೆ ಕೆಲಸ ಶುರುವಾಗಬೇಕು. ನಮ್ಮಲ್ಲಿ ಚಹಾ ಬಂತು. ಹೊರದೇಶದ ಒಬ್ಬ ಪರಿಣತರಿಗೆ ಬರೆದಿದ್ದೇನೆ, ಅವರು ಹೇಳಲಿ ಎಂದು ಪ್ರೊಫೆಸರ್ ಎದ್ದರು. ಆ ಪರಿಣತರು ಆಮೇಲೆ ಬರೆದದ್ದು ಇಷ್ಟೇ: ಕುತೂಹಲಕರ, ಆದರೆ ಎಚ್ಚರ ಇರಲಿ. ಇಂಥ ಸಲಹೆಯನ್ನು ನಮ್ಮೂರಿನ ಕಣಿ ಹೇಳುವವಳೂ ಕೊಡುತ್ತಾಳೆ.

ದೀಪದ ಮಾತು ನನಗೆ ಮೊದಲೇ ಸರಿಬಂದಿರಲಿಲ್ಲ. ಪೆಟ್ಟಿಗೆಯ ಮೇಲೆ ಎಣ್ಣೆಯ ಜಿಡ್ಡಿರಲಿಲ್ಲ, ಮಸಿಯಿರಲಿಲ್ಲ. ರಜ ಹಾಕಿ, ಬಸ್ಸು ಹಿಡಿದು, ಒಬ್ಬಳೇ ಹೋದೆ. ಗೌರಮ್ಮ ಊರಾಚೆಯ ತೋಟದಲ್ಲಿ ಹುಳಕ್ಕೆ ಸೊಪ್ಪು ಕೊಯ್ಯುತ್ತಿದ್ದಳು. ಅತ್ತೆ ಹತ್ತಿರದಲ್ಲಿರಲಿಲ್ಲ. ನನ್ನ ಕಷ್ಟವನ್ನು ಇದ್ದಂತೆಯೇ ಹೇಳಿದೆ. ನೀನು ಹಚ್ಚಿದ ದೀಪದಿಂದ ನನ್ನ ಕೆಲಸ ಹೋಗುತ್ತಿದೆ ಎಂದೆ. ಅವಳು ಕುಡುಗೋಲು ಕೆಳಗಿಟ್ಟಳು.

"ದೀಪನೂ ಹಚ್ನಿಲ್ಲ, ಗೀಪನೂ ಹಚ್ನಿಲ್ಲ ಕಣಮ್ಮಿ. ಉಳದ್ ಮನೇಲಿ ಮಡಗಿದ್ದಿ."

"ಮತ್ಯಾಕೆ ದೇವರ ಮನೆ ಅಂದ್ರಿ?"

"ಇನ್ನೇನಂತ ಅನ್ನನ? ಐಕ್ಳು ತಗಡು ಕಿತ್ಕತೀವಿ, ಅಗ್ಗ ಕಿತ್ಕತೀವಿ ಅಂತ ಮುತ್ಕಂಡಿದ್ರು. ಉಳದ್ ಮನೆಗಾದ್ರೆ ಯಾವನೂ ಕಾಲಿಕ್ಕಕಿಲ್ಲ ಅಂತ ಒಳಿಕ್ಕೆ ತಳ್ಬುಟ್ಟೆ. ಆಮ್ಯಾಕೆ ಉಳಕ್ಕೆ ಸುಣ್ಣಕಟ್ಟು ಬಂತು. ಪೆಟ್ಗೆ ಒಳಿಕ್ಕೆ ಬಂದಿತ್ತು ಅಂತ ಅತ್ತೆಗೆ ಗೊತ್ತಾದ್ರೆ ನನ್ನ ತವರಿಗೆ ಅಟ್ಬುಡ್ತಾಳೆ."

"ಒಳಗೆ ಸೆಕೆ ಇತ್ತಾ?"

"ಸೆಕೆನಾ? ಸೆಕೆ ಆದ್ರೆ ಉಳ ಬದುಕ್ತದಾ? ಸುತ್ತ ಗೋಣಿತಾಟು ನೆನ್ಸಿ ಕಟ್ಟಿದ್ದಿ. ಬಾವಿ ಒಳಗ್ ಇದ್ದಂಗೆ ತಣ್ಗಿತ್ತು."

ನಮ್ಮ ಕಡೆ ರೇಷ್ಮೆ ಸಾಕಿದವರ ಮನೆ ಕಂಡವರಿಗೆ ಇದು ಗೊತ್ತು. ಹುಳದ ಮನೆಯೊಳಗೆ ಹೊರಗಿನವರಿಗೆ ಪ್ರವೇಶವಿಲ್ಲ. ಮನೆಯವರೂ ಸ್ನಾನ ಮಾಡಿ, ಕಾಲು ತೊಳೆದು ಹೋಗಬೇಕು. ಬಿಸಿಲು ಏರಿದರೆ ಒದ್ದೆ ಗೋಣಿ, ಚಳಿಯಾದರೆ ಕೆಂಡ. ಮಕ್ಕಳ ಮೇಲಿಲ್ಲದ ಕಾಳಜಿ ಹುಳದ ಮೇಲೆ. ನನ್ನ ಪೆಟ್ಟಿಗೆಗೆ ಅದಕ್ಕಿಂತ ಒಳ್ಳೆಯ ಜಾಗ ಬೆಂಗಳೂರಿನಲ್ಲೂ ಇರಲಿಲ್ಲ. ಆದರೆ ಅವಳ ಬಾಯಿಮಾತು ಸಾಲದು. ಚೀಲದಲ್ಲಿ ಉಷ್ಣಮಾಪಕ ತಂದಿದ್ದೆ. ಒಳಗೆ ಬಿಟ್ಟರೆ ಅಳೆದುಕೊಂಡು ಹೋಗುತ್ತೇನೆ ಎಂದೆ.

"ಅಯ್ಯೋ ಬ್ಯಾಡ ಕಣವ್ವ! ಉಳ ಈಗ ಜ್ವರಕ್ಕೆ ಓಗವೆ" ಎಂದಳು. ಹುಳ ಮೇವು ಬಿಟ್ಟು, ಪೊರೆ ಕಳಚಲು ಅಲುಗದೆ ಮಲಗುವುದಕ್ಕೆ ಅವರು ಜ್ವರ ಎನ್ನುತ್ತಾರೆ. ಆಗಂತೂ ಮನೆಯವರೇ ಸದ್ದಿಲ್ಲದೆ ನಡೆಯಬೇಕು. ಮತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ತಲೆ ತಗ್ಗಿಸಿ, "ಅದೂ ಅಲ್ದೆ ಅತ್ತೆ..." ಎಂದು ನಿಲ್ಲಿಸಿದಳು. ಅವಳು ನುಂಗಿದ ಮಾತು ನನಗೆ ಗೊತ್ತಿತ್ತು. ಒತ್ತಾಯ ಮಾಡಲಿಲ್ಲ.

ಬೆಂಗಳೂರಿಗೆ ಬಂದು ನಿಜವನ್ನು ಹೇಳಿದೆ. ಪ್ರೊಫೆಸರ್ ಕನ್ನಡಕ ಒರೆಸಿಕೊಂಡರು. "ಹೋದ ಸಲ ದೇವರ ಮನೆ, ಈ ಸಲ ಹುಳದ ಮನೆ. ಮುಂದಿನ ಸಲ ಅಡಿಗೆ ಮನೆ ಅಂದರೂ ಬರೆದುಕೊಂಡು ಬರ್ತೀರಿ. ಅಳತೆ ಎಲ್ರೀ?" ಅಳತೆ ಇರಲಿಲ್ಲ. ಆ ಗೆರೆ ಕಪಾಟಿಗೆ ಹೋಯಿತು. ಅವರ ಸಹಿಯಿಲ್ಲದೆ ನನ್ನ ಹೆಸರಲ್ಲಿ ಒಂದು ಸಾಲೂ ಹೊರಗೆ ಹೋಗುವಂತಿರಲಿಲ್ಲ. ಬೇರೆ ವಿಷಯದ ಮೇಲೆ ಡಾಕ್ಟರೇಟು ಮಾಡಿದೆ. ಅದೂ ಚೆನ್ನಾಗಿಯೇ ಇತ್ತು. ಆದರೆ ಅದು ಆ ಗೆರೆಯಲ್ಲ.

ಕೆಲವು ವರ್ಷಗಳ ಮೇಲೆ ಬೇರೆ ದೇಶಗಳವರು ಅಂಥದ್ದೇ ಅಲ್ಪಾಯುಷಿ ಕಣಗಳನ್ನು ಕಂಡೆವೆಂದು ಸಾರಿದರು. ತೂಕ, ಆಯುಸ್ಸು ಎರಡೂ ನನ್ನ ಲೆಕ್ಕದ ಪಕ್ಕದಲ್ಲೇ ಬಂದು ಕುಳಿತವು. ಸುದ್ದಿ ಬಂದ ಬೆಳಿಗ್ಗೆ ಪ್ರೊಫೆಸರ್ ನನ್ನ ಮೇಜಿನ ಹತ್ತಿರ ತಾವೇ ನಡೆದು ಬಂದರು. ಅದು ಅವರ ಮೊದಲ ಭೇಟಿ.

"ಮಹದೇವಮ್ಮನವರೇ, ನಮ್ಮ ಹತ್ತಿರ ಅದು ಮೊದಲೇ ಇತ್ತಲ್ಲ!"

ಹೆಸರಿನ ಮುಂದಿನ 'ಮಿಸ್' ಹೋಗಿ ಹಿಂದೆ 'ಅವರೇ' ಸೇರಿತ್ತು. ನನ್ನದು ಹೋಗಿ ನಮ್ಮದಾಗಿತ್ತು. ಈಗ ಲೇಖನ ಬರೆಯಬೇಕು, ಮೊದಲು ಅವರ ಹೆಸರು, ಆಮೇಲೆ ಎಚ್ಚರ ಇರಲಿ ಎಂದು ಬರೆದ ಪರಿಣತರ ಹೆಸರು. ನನ್ನದು? "ಕೊನೆಯಲ್ಲಿ ಕೃತಜ್ಞತೆ ಅಂತ ಇರುತ್ತಲ್ಲ, ಅಲ್ಲಿ ದೊಡ್ಡದಾಗಿ ಹಾಕೋಣ." ಪೆಟ್ಟಿಗೆ ತಂಪಿನಲ್ಲಿತ್ತು ಎಂಬುದಕ್ಕೆ ಆ ಹೆಂಗಸಿನ ಹೇಳಿಕೆ ಬೇಕು, ನಾನೇ ಬಂದು ಪಡೆಯುತ್ತೇನೆ ಎಂದು ಜೀಪು ಹತ್ತಿದರು. ದಾರಿ ತೋರಿಸಲು ನಾನು ಬೇಕಿತ್ತು. ಇಬ್ರಾಹಿಂ ಭಾಯಿ ಕನ್ನಡಿಯಲ್ಲಿ ನನ್ನನ್ನು ನೋಡಿ ಹುಬ್ಬೇರಿಸಿದರು, ಅಷ್ಟೆ.

ಹೋದದ್ದೂ ಬೇಸಿಗೆಯಲ್ಲೇ, ಅರಿಸಿನ ಬೇಯುವ ದಿನಗಳಲ್ಲೇ. ಪ್ರೊಫೆಸರಿಗೆ ಒಳಮನೆಯಲ್ಲಿ ಕುರ್ಚಿ ಹಾಕಿದರು. ನಾನು ಜಗುಲಿಯಲ್ಲಿ ನಿಂತೆ. ಅವರು ಗೌರಮ್ಮನನ್ನು ಕರೆಸಿ, ಹೆದರಬೇಡ, ಇದ್ದದ್ದು ಇದ್ದ ಹಾಗೆ ಹೇಳು ಎಂದರು. ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದರು.

"ಅವಳೇನ್ ಯೋಳಾದು ಸ್ವಾಮಿ, ನಾ ಯೋಳ್ತೀನಿ. ದೇವ್ರ ಮನೇಲಿ ಪೂಜೆ ಮಾಡಿ ಮಡಗಿದ್ದೋ. ತುಪ್ಪದ ದೀಪ. ಅಗಲೂ ರಾತ್ರಿ ಆರಕ್ಕೆ ಬುಡ್ನಿಲ್ಲ."

ಮುದುಕಿ ಆ ದಿನಗಳಲ್ಲಿ ಊರಲ್ಲೇ ಇರಲಿಲ್ಲ. ಎಣ್ಣೆ ತುಪ್ಪವಾಗಿ ಬಡ್ತಿ ಪಡೆದಿತ್ತು.

"ಇಲ್ಲಮ್ಮ, ಹುಳದ ಮನೆಯಲ್ಲಿತ್ತಂತಲ್ಲ?" ಎಂದರು ಪ್ರೊಫೆಸರ್.

"ಉಳದ್ ಮನೇಲಾ! ಯಾವ ಬಾಯಿ ಅಂಗಂದದ್ದು ಸ್ವಾಮಿ? ಯಾವಳೇ ಗೌರಿ, ನೀ ಅಂದ್ಯಾ?"

"ನಾ ಯಾಕಂದನು ಅತ್ತೆ. ದೇವ್ರ ಮನೇಲೇ ಇತ್ತು" ಎಂದಳು ಗೌರಮ್ಮ.

ಪ್ರೊಫೆಸರ್ ನನ್ನ ಕಡೆ ತಿರುಗಿದರು. ನಾನು ಜಗುಲಿಯ ಕಂಬ ನೋಡುತ್ತಿದ್ದೆ. ಕೃತಜ್ಞತೆಯ ಸಾಲಿಗಾಗಿ ಒಬ್ಬ ಹೆಂಗಸನ್ನು ತವರಿಗೆ ಅಟ್ಟಿಸುವ ಇಷ್ಟ ನನಗಿರಲಿಲ್ಲ. ಅವರು ಮತ್ತೆ ಮುದುಕಿಯನ್ನು ಒಲಿಸಿಕೊಳ್ಳತೊಡಗಿದರು, ಮುದುಕಿ ದೀಪಕ್ಕೆ ಇನ್ನಷ್ಟು ತುಪ್ಪ ಸುರಿಯತೊಡಗಿದರು. ಅಷ್ಟರಲ್ಲಿ ಮನೆಯ ಹಿಂಬದಿಯಿಂದ ಗೌರಮ್ಮ ಕೈಸನ್ನೆ ಮಾಡಿದಳು. ಹೋದೆ. ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದಳು.

"ಕಾಲ್ ತೊಳ್ಕ. ಆ ಅಳಿಯೋ ಕಡ್ಡಿ ತಂದಿದ್ದೀಯ?"

"ಚೀಲದಲ್ಲಿದೆ. ನಿಮ್ಮ ಅತ್ತೆ?"

"ಅತ್ತೆ ಈಗೆಲ್ಲಿ ಏಳ್ತಾಳೆ, ಸಾಹೇಬ್ರು ಸಿಕ್ಕವ್ರಲ್ಲ. ಆವತ್ತು ನಾ ಬುಡ್ನಿಲ್ಲ, ನಿನ್ ಕೆಲ್ಸ ಕೆಟ್ಟೋಯ್ತು ಅಂತ ಡ್ರೈವರಣ್ಣ ಅಂದ್ರು. ಬಾ ಕಣಮ್ಮಿ, ಬಿರ್ರನೆ."

ಬಾಗಿಲಿಗೆ ಕಟ್ಟಿದ್ದ ಒದ್ದೆ ಗೋಣಿ ಸರಿಸಿ ಒಳಗೆ ಬಿಟ್ಟಳು. ಹೊರಗಿನ ಬಿಸಿಲಿಗೆ ಕಣ್ಣು ಕತ್ತಲಿಟ್ಟಿತು. ಆಮೇಲೆ ತಟ್ಟೆಗಳ ಸಾಲು ಕಂಡಿತು. ಹುಳಗಳು ಸೊಪ್ಪು ಮೇಯುವ ಸದ್ದು, ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. "ಇಲ್ಲೇ ಇದ್ದದ್ದು" ಎಂದು ಒಂದು ಮೂಲೆ ತೋರಿಸಿದಳು. ಉಷ್ಣಮಾಪಕವನ್ನು ಅಲ್ಲಿ ನೆಲಕ್ಕಿಟ್ಟು ಇಬ್ಬರೂ ಕುಕ್ಕರಗಾಲಲ್ಲಿ ಕುಳಿತೆವು. ಪಾದರಸ ಇಳಿದು ಇಳಿದು, ಇಪ್ಪತ್ತೈದರ ಗೆರೆಗಿಂತ ತುಸು ಕೆಳಗೆ ನಿಂತಿತು. ನಮ್ಮ ಲೇಪ ಅಷ್ಟು ತಂಪಿನಲ್ಲಿ ಕೂದಲಷ್ಟೂ ಜರುಗುವುದಿಲ್ಲ.

"ಆಯ್ತಾ?" ಎಂದಳು ಗೌರಮ್ಮ.

"ಆಯ್ತು" ಎಂದೆ.

ವಾಪಸು ಬರುವಾಗ ಪ್ರೊಫೆಸರ್ ನಂಜನಗೂಡಿನವರೆಗೂ ಗೊಣಗಿದರು. ಇಂಥ ಜನರನ್ನು ನಂಬಿಕೊಂಡು ವಿಜ್ಞಾನ ಮಾಡಲಾದೀತೇನ್ರೀ ಎಂದರು. ಹೇಳಿಕೆ ಸಿಗಲಿಲ್ಲ, ಇನ್ನು ಲೇಖನ ಇಲ್ಲ ಎಂದರು. ನಾನು ಪಕ್ಕದಲ್ಲೇ ಕುಳಿತಿದ್ದೆ. ಸೀರೆಯ ಅಂಚು ಒದ್ದೆಯಾಗಿತ್ತು, ಮೈಯೆಲ್ಲ ಹಿಪ್ಪುನೇರಳೆ ಸೊಪ್ಪಿನ ವಾಸನೆ. ಅಳತೆ ಎಲ್ಲಿ ಎಂದು ಒಂದು ಕಾಲಕ್ಕೆ ನನ್ನನ್ನು ಜರೆದಿದ್ದ ಮನುಷ್ಯ, ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ ಎಂದು ಕೇಳಲಿಲ್ಲ.

ಕೇಳಿದ್ದರೆ ಹೇಳುತ್ತಿದ್ದೆ.